ಹೂಂಗುಟ್ಟುವ ಗೊಂಬೆ, ಬಿರಿಯುವ ಕಲ್ಲು

ಉರ್ದುವಿನಲ್ಲಿ ಒಂದು ನುಡಿಗಟ್ಟಿದೆ: ‘ಆಂಖೋಂ ಕೀ ಸೂಯಿಯಾಂ ರಹ್ ಗಯೀ ಹೈಂ.’ ಕಣ್ಣಿನ ಸೂಜಿಗಳಷ್ಟೇ ಉಳಿದಿವೆ ಎಂದು ಅರ್ಥ. ಕೆಲಸವೆಲ್ಲ ಮುಗಿದು ಕೊನೆಯ ಚೂರು ಮಾತ್ರ ಬಾಕಿ ಇರುವಾಗ ಬಳಸುವ ಮಾತು. ಉರ್ದು ಶಾಲೆಯಲ್ಲಿ ನಮಗೆ ಇದರ ಅರ್ಥವನ್ನು ಬಾಯಿಪಾಠ ಮಾಡಿಸಿದ್ದರು, ಸ್ವಂತ ವಾಕ್ಯದಲ್ಲಿ ಬಳಸಿ ಎಂದೂ ಹೇಳಿದ್ದರು. ಅದರ ಹಿಂದಿನ ಕತೆಯನ್ನು ಮಾತ್ರ ಹೇಳಿರಲಿಲ್ಲ. ಕತೆ ಇದ್ದದ್ದು ಮನೆಯಲ್ಲಿ, ಹೆಂಗಸರ ಬಾಯಲ್ಲಿ.

ಒಬ್ಬ ಗಂಡಸು ಹೆಣದಂತೆ ಮಲಗಿದ್ದಾನೆ. ಮೈತುಂಬ ಸೂಜಿಗಳು. ಹೆಣ್ಣೊಬ್ಬಳು ಅನ್ನ, ನೀರು, ನಿದ್ದೆ ಬಿಟ್ಟು ಒಂದೊಂದೇ ಸೂಜಿಯನ್ನು ಕೀಳುತ್ತಾಳೆ. ದಿನಗಳು ಉರುಳುತ್ತವೆ. ಕಣ್ಣುಗಳ ಮೇಲಿನ ಸೂಜಿಗಳಷ್ಟೇ ಉಳಿದಾಗ ಅವಳು ಒಂದು ಗಳಿಗೆ ಎದ್ದುಹೋಗುತ್ತಾಳೆ. ಅಷ್ಟರಲ್ಲಿ ಕನೀಜ್, ಅಂದರೆ ದಾಸಿ, ಬಂದು ಆ ಕೊನೆಯ ಸೂಜಿಗಳನ್ನು ಕಿತ್ತುಬಿಡುತ್ತಾಳೆ. ಕಣ್ಣು ಬಿಟ್ಟವನಿಗೆ ಎದುರಿಗೆ ಕಂಡವಳು ಅವಳೇ. ದಾಸಿ ರಾಣಿಯಾಗುತ್ತಾಳೆ, ದುಡಿದವಳು ದಾಸಿಯಾಗುತ್ತಾಳೆ.

ನುಡಿಗಟ್ಟು ನಿಘಂಟಿಗೆ ಹೋಯಿತು, ಗಂಡಸರ ಗದ್ಯದಲ್ಲೂ ಭಾಷಣದಲ್ಲೂ ಗೌರವದಿಂದ ಉಳಿಯಿತು. ಕತೆ ಅಡುಗೆಮನೆಯಲ್ಲೇ ಉಳಿಯಿತು. ಯಾರದೋ ದುಡಿಮೆಯ ಕೊನೆಯ ಚೂರನ್ನು ಮುಗಿಸಿ ಹೆಸರು ಹೊಡೆದವರ ಕತೆಯ ಪಾಡೂ ಹೀಗೇ ಆಯಿತಲ್ಲ ಎಂದು ನನಗೆ ಕೆಲವೊಮ್ಮೆ ನಗು ಬರುತ್ತದೆ.

ಈ ಕತೆ ಉರ್ದುವಿನವರ ಸ್ವತ್ತೇನಲ್ಲ. ಜಾನಪದ ವಿದ್ವಾಂಸರು ಲೋಕದ ಕತೆಗಳಿಗೆಲ್ಲ ಸಂಖ್ಯೆ ಕೊಟ್ಟು ಜೋಡಿಸಿಟ್ಟಿದ್ದಾರೆ, ಅದರಲ್ಲಿ ಇದರದು 894. ಇರಾನಿನಲ್ಲಿ ಇದು ‘ಸಂಗ್-ಎ-ಸಬೂರ್’ ಎಂದು ಹೆಸರಾಗಿದೆ. ಸಬೂರ್ ಎಂದರೆ ತಾಳ್ಮೆ, ಸಬರ್ ಉಳ್ಳದ್ದು. ತಾಳ್ಮೆಯ ಕಲ್ಲು. ದಾಸಿಯಾದ ಹುಡುಗಿಯನ್ನು ರಾಜಕುಮಾರ ಪ್ರಯಾಣ ಹೊರಡುವ ಮುಂಚೆ ಕೇಳುತ್ತಾನೆ, ನಿನಗೇನು ತರಲಿ ಎಂದು. ಅವಳು ಒಡವೆ ಕೇಳುವುದಿಲ್ಲ, ಒಂದು ಸಂಗ್-ಎ-ಸಬೂರ್ ತಂದುಕೊಡಿ ಎನ್ನುತ್ತಾಳೆ. ರಾತ್ರಿ ಕಲ್ಲನ್ನು ಎದುರಿಗಿಟ್ಟುಕೊಂಡು ತನ್ನ ಬದುಕನ್ನು ಮೊದಲಿನಿಂದ ಹೇಳುತ್ತಾಳೆ. ಕಲ್ಲು ಕೇಳುತ್ತದೆ, ಉಬ್ಬುತ್ತದೆ. ನೀನು ಬಿರಿಯಬೇಕು ಇಲ್ಲವೇ ನಾನು ಬಿರಿಯಬೇಕು ಎನ್ನುವ ಗಳಿಗೆ ಬರುತ್ತದೆ. ಆಗ ಕಲ್ಲು ಬಿರಿಯುತ್ತದೆ, ಹುಡುಗಿ ಉಳಿಯುತ್ತಾಳೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ರಾಜಕುಮಾರನಿಗೆ ನಿಜ ತಿಳಿಯುತ್ತದೆ.

ಕನ್ನಡದಲ್ಲೂ ಇದೇ ಕತೆ ಇದೆ. ಎ.ಕೆ. ರಾಮಾನುಜನ್ ಅವರು ಅದನ್ನು ‘ಸತ್ತ ರಾಜಕುಮಾರ ಮತ್ತು ಮಾತಾಡುವ ಗೊಂಬೆ’ ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ನಿನಗೆ ಸತ್ತ ಗಂಡನೇ ಗತಿ ಎಂದು ಭಿಕ್ಷುಕನೊಬ್ಬ ಭವಿಷ್ಯ ನುಡಿದ ರಾಜಕುಮಾರಿ ಕಾಡಿನ ಅರಮನೆಯೊಂದರಲ್ಲಿ ಒಬ್ಬಳೇ ಸಿಕ್ಕಿಕೊಂಡು ಹನ್ನೆರಡು ವರ್ಷ ಶವದ ಸೇವೆ ಮಾಡುತ್ತಾಳೆ. ನಮ್ಮ ಕತೆಯಲ್ಲಿ ಕನೀಜಳ ಜಾಗದಲ್ಲಿ ಇರುವವಳು ದೊಂಬರ ಹುಡುಗಿ. ಕಲ್ಲಿನ ಜಾಗದಲ್ಲಿ ಇರುವುದು ಗೊಂಬೆ. ರಾತ್ರಿಯಾದರೆ ರಾಜಕುಮಾರಿ ಕತೆ ಹೇಳುತ್ತಾಳೆ, ಗೊಂಬೆ ಹೂಂಗುಟ್ಟುತ್ತದೆ. ಮಾತಾಡುವ ಗೊಂಬೆ ಎಂದು ಹೆಸರಿದ್ದರೂ ಅದರ ದೊಡ್ಡ ಗುಣ ಮಾತಾಡುವುದಲ್ಲ, ಕೇಳುವುದು. ಕತೆ ಹೇಳಿ ಅಭ್ಯಾಸ ಇರುವವರಿಗೆ ಇದು ಗೊತ್ತು. ಎದುರಿಗಿದ್ದವರು ಹೂಂ ಅನ್ನದಿದ್ದರೆ ಕತೆ ಅರ್ಧಕ್ಕೇ ನಿಂತುಬಿಡುತ್ತದೆ.

ಇಷ್ಟನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಪುರಾಣ, ಜನಪದ ಕತೆಗಳ ಮೂಲಕ ಹೆಣ್ಣುಮಕ್ಕಳು ತಮ್ಮ ಒಳದನಿಯನ್ನು, ಸೃಜನಶೀಲತೆಯನ್ನು ಮರಳಿ ಪಡೆಯಬೇಕು ಎಂಬ ಮಾತು ಈಗ ಹೊಸದಲ್ಲ. ಅದಕ್ಕೆ ಜಗತ್ತಿನಾದ್ಯಂತ ಓದುಗರನ್ನು ಗಳಿಸಿಕೊಟ್ಟ ಪುಸ್ತಕ ಅಮೆರಿಕದ ಕ್ಲಾರಿಸಾ ಪಿಂಕೋಲಾ ಎಸ್ಟೆಸ್ ಅವರ ‘ವಿಮೆನ್ ಹೂ ರನ್ ವಿತ್ ದ ವುಲ್ವ್ಸ್’. 1992ರಲ್ಲಿ ಬಂದದ್ದು. ಎಸ್ಟೆಸ್ ಅವರು ಯೂಂಗ್ ಪಂಥದ ಮನೋವಿಶ್ಲೇಷಕಿ, ಕತೆ ಹೇಳುವವರೂ ಹೌದು. ಹುಟ್ಟಿನಿಂದ ಮೆಕ್ಸಿಕೋ ಮೂಲದವರು, ಬೆಳೆದದ್ದು ಹಂಗೇರಿಯ ಮೂಲದ ಮನೆಯಲ್ಲಿ. ಎರಡು ಕಡೆಯ ಅಜ್ಜಿಯರ ಕತೆಗಳೂ ಅವರಿಗೆ ಸಿಕ್ಕವು. ಅವರ ಮುಖ್ಯ ಮಾತು ಇಷ್ಟು: ಪ್ರತಿ ಹೆಣ್ಣಿನೊಳಗೂ ಪಳಗದ ಒಬ್ಬ ಕಾಡುಹೆಣ್ಣು ಇದ್ದಾಳೆ, ತೋಳದಂತೆ ಮೂಗು ಕಿವಿ ಚುರುಕಾದವಳು. ನಾಗರಿಕತೆ ಅವಳನ್ನು ಹೂತುಹಾಕಿದೆ. ಹಳೆಯ ಕತೆಗಳು ಅವಳ ಮೂಳೆಗಳು. ಮೂಳೆಗಳನ್ನು ಆಯ್ದು ಜೋಡಿಸಿ ಅವುಗಳ ಮೇಲೆ ಹಾಡಿದರೆ ಅವಳು ಎದ್ದು ಓಡುತ್ತಾಳೆ.

ಈ ಪುಸ್ತಕವನ್ನು ಬರಿಯ ಬಿಸಿಲುದೇಶದವರ ಫ್ಯಾಷನ್ ಎಂದು ತಳ್ಳಿಹಾಕುವವರ ಗುಂಪಿಗೆ ನಾನು ಸೇರಿದವಳಲ್ಲ. ಅದರಲ್ಲಿ ನಿಜವಾದ ಓದು ಇದೆ. ಫ್ರಾನ್ಸಿನ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ‘ನೀಲಿಗಡ್ಡ’ದ ಕತೆಯನ್ನೇ ನೋಡಿ. ಗಂಡ ಎಲ್ಲ ಬೀಗದ ಕೈಗಳನ್ನೂ ಹೆಂಡತಿಯ ಕೈಗೆ ಕೊಟ್ಟು ಒಂದು ಕೋಣೆಯನ್ನು ಮಾತ್ರ ತೆರೆಯಬೇಡ ಎನ್ನುತ್ತಾನೆ. ಅವಳು ತೆರೆಯುತ್ತಾಳೆ. ಒಳಗೆ ಹಿಂದಿನ ಹೆಂಡತಿಯರ ಹೆಣಗಳು. ಪೆರೋ ಮಹಾಶಯರು ಇದರ ಕೆಳಗೆ ಬರೆದ ನೀತಿ ಹೆಣ್ಣಿನ ಕುತೂಹಲ ಕೆಟ್ಟದ್ದು ಎಂಬುದು! ಹೆಂಡತಿಯರನ್ನು ಕೊಂದವನ ಬಗ್ಗೆ ಅಲ್ಲ, ಬಾಗಿಲು ತೆರೆದವಳ ಬಗ್ಗೆ ಬುದ್ಧಿವಾದ. ಎಸ್ಟೆಸ್ ಈ ನೀತಿಯನ್ನು ತಲೆಕೆಳಗು ಮಾಡುತ್ತಾರೆ. ಆ ಕೈಯನ್ನು ಬೀಗಕ್ಕೆ ಹಾಕಿದ್ದರಿಂದಲೇ ಅವಳು ಬದುಕಿದಳು, ಕೇಳಬಾರದ ಪ್ರಶ್ನೆಯೇ ಕೇಳಬೇಕಾದ ಪ್ರಶ್ನೆ ಎನ್ನುತ್ತಾರೆ. ಅವರಿಗೂ ಮೊದಲೇ, 1979ರಲ್ಲಿ, ಏಂಜೆಲಾ ಕಾರ್ಟರ್ ಈ ಕತೆಯನ್ನು ಹೊಸದಾಗಿ ಬರೆದು, ಮಗಳನ್ನು ಉಳಿಸಲು ಕುದುರೆಯೇರಿ ಬಂದೂಕು ಹಿಡಿದು ಬರುವ ತಾಯಿಯನ್ನು ತಂದಿದ್ದರು. ನನ್ನ ಮನಸ್ಸು ಒಳಗಿನ ತೋಳಕ್ಕಿಂತ ಹೊರಗಿನಿಂದ ಬರುವ ಆ ತಾಯಿಯ ಕಡೆಗೇ ವಾಲುತ್ತದೆ. ಅದಿರಲಿ.

ಎಸ್ಟೆಸ್ ಅವರ ಪುಸ್ತಕದಲ್ಲಿಯೂ ಒಂದು ಗೊಂಬೆ ಇದೆ. ಅದು ರಷ್ಯದ ವಸಿಲೀಸಾಳ ಗೊಂಬೆ. ಸಾಯುವ ತಾಯಿ ಮಗಳಿಗೆ ಪುಟ್ಟ ಗೊಂಬೆಯೊಂದನ್ನು ಕೊಟ್ಟು, ಕಷ್ಟ ಬಂದಾಗ ಇದಕ್ಕೆ ಉಣ್ಣಲು ಕೊಟ್ಟು ದಾರಿ ಕೇಳು ಎನ್ನುತ್ತಾಳೆ. ಮಲತಾಯಿ ಬೆಂಕಿ ತರಲೆಂದು ಹುಡುಗಿಯನ್ನು ಬಾಬಾ ಯಾಗಾ ಎಂಬ ಮಾಟಗಾತಿಯ ಗುಡಿಸಲಿಗೆ ಕಳಿಸುತ್ತಾಳೆ. ಅಂಗಳ ಗುಡಿಸು, ಅಡುಗೆ ಮಾಡು, ಕಾಳಿನಲ್ಲಿ ಬೆರೆತ ಕಸವನ್ನು ಬೇರೆ ಮಾಡು ಎಂದು ಮಾಟಗಾತಿ ಕೆಲಸ ಹೇರುತ್ತಾಳೆ. ಗೊಂಬೆ ದಾರಿ ತೋರಿಸುತ್ತದೆ. ಎಸ್ಟೆಸ್ ಅವರಿಗೆ ಈ ಗೊಂಬೆಯೇ ಹೆಣ್ಣಿನ ಅಂತಃಪ್ರಜ್ಞೆ, ತಾಯಿಯಿಂದ ಮಗಳಿಗೆ ಬರುವ ಬಳುವಳಿ.

ಈ ಓದು ಚೆಂದವಾಗಿದೆ. ಆದರೆ ನನ್ನ ಕಣ್ಣು ನಿಂತದ್ದು ಒಂದು ಸಣ್ಣ ವಿವರದ ಮೇಲೆ. ಹತ್ತೊಂಬತ್ತನೇ ಶತಮಾನದ ನಡುವೆ ಅಫನಾಸ್ಯೆವ್ ಸಂಗ್ರಹಿಸಿ ಪ್ರಕಟಿಸಿದ ರೂಪದಲ್ಲಿ ವಸಿಲೀಸಾ ಗೊಂಬೆಗೆ ಉಣ್ಣಿಸುವುದು ಎಲ್ಲಿಂದ? ತನ್ನ ತಟ್ಟೆಯಿಂದ. ತಾನು ಉಣ್ಣದೆ ರುಚಿಯಾದದ್ದನ್ನು ಅದಕ್ಕೆ ತೆಗೆದಿಡುತ್ತಾಳೆ. ಒಳದನಿಗೂ ಅನ್ನ ಬೇಕು ಎಂದಾಯಿತು. ಅನ್ನ ಎಂದರೆ ಇಲ್ಲಿ ಅನ್ನವೇ, ಜೊತೆಗೆ ಬಾಗಿಲು ಹಾಕಿಕೊಳ್ಳಲು ಒಂದು ಮೂಲೆ, ಎಲ್ಲರೂ ಮಲಗಿದ ಮೇಲೆ ಉಳಿಯುವ ಒಂದು ಗಂಟೆ. ತಟ್ಟೆಯಲ್ಲಿ ಏನೂ ಇಲ್ಲದವಳು ಗೊಂಬೆಗೆ ಏನು ಕೊಟ್ಟಾಳು? ಎಸ್ಟೆಸ್ ಅವರ ಪುಸ್ತಕದ ಬಲ ಈ ತಟ್ಟೆಯ ಪ್ರಶ್ನೆಗೆ ಬಂದಾಗ ಕುಂದುತ್ತದೆ.

ಉರ್ದುವಿನಲ್ಲಿ ಅಂತಃಪ್ರಜ್ಞೆಗೆ ‘ವಿಜ್ದಾನ್’ ಎನ್ನುತ್ತಾರೆ. ಸೂಫಿಗಳ, ಕವಿಗಳ ಬಗ್ಗೆ ಬಳಸುವ ಘನವಾದ ಪದ. ಮನೆಯ ಹೆಂಗಸಿನ ಬಗ್ಗೆ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಅವಳಿಗೆ ಬಳಸುವುದು ‘ಖಟಕ್ ಗಯಾ’ ಎಂಬ ಮಾತು, ಕನ್ನಡದಲ್ಲಿ ಮನಸ್ಸಿಗೆ ಕಡಿಯಿತು ಎಂದಂತೆ. ಗಂಡ ಚಪ್ಪಲಿ ಬಿಡುವ ಸದ್ದಿನಿಂದಲೇ ಇವತ್ತು ಮಾತಾಡಬಾರದ ದಿನ ಎಂದು ಅವಳಿಗೆ ತಿಳಿಯುತ್ತದೆ. ಅತ್ತೆ ಪಾತ್ರೆ ಇಡುವ ರೀತಿಯಿಂದಲೇ ತವರಿಗೆ ಹೋಗಲು ಅನುಮತಿ ಸಿಗುವುದೋ ಇಲ್ಲವೋ ಎಂಬುದು ಗೊತ್ತಾಗುತ್ತದೆ. ಇದು ಕಾಡಿನ ತೋಳ ಕೊಟ್ಟ ವರವಲ್ಲ. ಅಧಿಕಾರವಿಲ್ಲದವರು ಅಧಿಕಾರವಿರುವವರ ಮುಖ ಓದಿ ಓದಿ ಕಲಿತ ವಿದ್ಯೆ. ಒಡೆಯನ ಮನೆಯ ಆಳಿಗೂ ಈ ವಿದ್ಯೆ ಬರುತ್ತದೆ. ಇದನ್ನು ಹೆಣ್ಣಿನ ಸಹಜ ಗುಣ ಎಂದು ಹಾಡಿ ಹೊಗಳುವಾಗ ನನಗೆ ಅಂಜಿಕೆ. ನಿಮಗೆ ಹುಟ್ಟಿನಿಂದಲೇ ಎಲ್ಲ ತಿಳಿಯುತ್ತದಲ್ಲ, ಓದು ಯಾಕೆ ಎಂದು ಮುಂದಿನ ಮಾತು ಬರುವುದು ಬಹಳ ದೂರವಿಲ್ಲ.

ಶಹರಜಾದಳ ವಿಷಯದಲ್ಲಿ ಆದದ್ದೂ ಇದೇ. ‘ಅಲಿಫ್ ಲೈಲಾ’ದ ಚೌಕಟ್ಟಿನ ಕತೆ ಅವಳನ್ನು ಪರಿಚಯಿಸುವುದು ಚೆಲುವೆ ಎಂದಷ್ಟೇ ಅಲ್ಲ. ಇತಿಹಾಸ, ಕಾವ್ಯ, ಹಿಂದಿನ ಅರಸರ ವೃತ್ತಾಂತಗಳನ್ನೆಲ್ಲ ಓದಿ ಮನನ ಮಾಡಿಕೊಂಡವಳು ಎಂದು ಕತೆ ಹೇಳುತ್ತದೆ. ಕೊಲ್ಲಲೆಂದೇ ಮದುವೆಯಾಗುವ ದೊರೆಯ ಎದುರಿಗೆ ಅವಳನ್ನು ಕಾಪಾಡಿದ್ದು ಆ ಗ್ರಂಥಗಳು. ಮೊರಾಕೋದ ಸಮಾಜಶಾಸ್ತ್ರಜ್ಞೆ ಫಾತಿಮಾ ಮರ್ನಿಸ್ಸಿ (1940–2015) 2001ರ ತಮ್ಮ ಪುಸ್ತಕದಲ್ಲಿ ಇದನ್ನೇ ಹಿಡಿದು ವಾದಿಸಿದರು. ಯುರೋಪಿಗೆ ಹೋದ ಶಹರಜಾದ್ ದಾರಿಯಲ್ಲಿ ಬುದ್ಧಿಯನ್ನು ಕಳೆದುಕೊಂಡು ಬರೀ ಮೈಯಾಗಿ ತಲುಪಿದಳು ಎಂಬುದು ಅವರ ಅಳಲು. ಎಡ್ಗರ್ ಅಲನ್ ಪೋ 1845ರಲ್ಲಿ ಬರೆದ ಸಾವಿರದ ಎರಡನೇ ಕತೆಯಲ್ಲಂತೂ ದೊರೆ ಅವಳನ್ನು ಕೊಲ್ಲಿಸಿಯೇ ಬಿಡುತ್ತಾನೆ. ಮರ್ನಿಸ್ಸಿ ಫೇಸ್ ನಗರದ ಹರಮಿನಲ್ಲಿ, ಓದು ಬರಹ ಬಾರದ ಅಜ್ಜಿಯ ಕತೆಗಳನ್ನು ಕೇಳುತ್ತ ಬೆಳೆದವರು. ಅಜ್ಜಿಯ ಕತೆಯನ್ನೂ ಗ್ರಂಥಾಲಯವನ್ನೂ ಅವರು ಒಂದಕ್ಕೊಂದು ಎದುರಾಗಿ ನಿಲ್ಲಿಸಲಿಲ್ಲ.

ಶಹರಜಾದಳ ಪಕ್ಕದಲ್ಲಿ ಇನ್ನೊಬ್ಬಳು ಕೂತಿದ್ದಾಳೆ. ಅವಳನ್ನು ನಾವು ಮರೆಯುತ್ತೇವೆ. ತಂಗಿ ದುನಿಯಾಜಾದ್. ಅಕ್ಕಾ, ಒಂದು ಕತೆ ಹೇಳು ಎಂದು ಕೇಳುವವಳು ಅವಳೇ. ಅವಳು ಕೇಳದಿದ್ದರೆ ಮೊದಲ ರಾತ್ರಿಯೇ ಕತೆ ಮುಗಿಯುತ್ತಿತ್ತು. ಗೊಂಬೆ, ಕಲ್ಲು, ತಂಗಿ, ಇವೆಲ್ಲ ಒಂದೇ ಕೆಲಸದವರು. ರಾಮಾನುಜನ್ ತಮಿಳಿನಿಂದ ಕೊಟ್ಟ ಇನ್ನೊಂದು ಕತೆಯಲ್ಲಿ ಮಕ್ಕಳು ಸೊಸೆಯರ ಕಾಟ ತಾಳಲಾರದ ಮುದುಕಿ ಪಾಳುಬಿದ್ದ ಮನೆಯ ಒಂದೊಂದು ಗೋಡೆಗೂ ತನ್ನ ದುಃಖ ಹೇಳಿಕೊಳ್ಳುತ್ತಾಳೆ. ಒಂದೊಂದೇ ಗೋಡೆ ಕುಸಿಯುತ್ತದೆ, ಅವಳ ಮೈ ಹಗುರಾಗುತ್ತದೆ. ಕೇಳುವ ಮನುಷ್ಯರಿಲ್ಲದ ಮನೆಗಳಲ್ಲಿ ಗೋಡೆ, ಕಲ್ಲುಗಳಿಗೆ ಕಿವಿ ಬರಬೇಕಾಯಿತು. ಅಫಘಾನಿಸ್ತಾನದ ಅತೀಕ್ ರಹೀಮಿ ಫ್ರೆಂಚಿನಲ್ಲಿ ಬರೆದು 2008ರಲ್ಲಿ ಗೊಂಕೂರ್ ಪ್ರಶಸ್ತಿ ಪಡೆದ ಕಾದಂಬರಿಯ ಹೆಸರೂ ಸಂಗ್-ಎ-ಸಬೂರ್. ಅದರಲ್ಲಿ ಗುಂಡೇಟು ತಿಂದು ಎಚ್ಚರವಿಲ್ಲದೆ ಬಿದ್ದ ಗಂಡನೇ ಆ ಕಲ್ಲು. ಎಚ್ಚರವಿದ್ದಾಗ ಹೇಳಲಾಗದ್ದನ್ನೆಲ್ಲ ಹೆಂಡತಿ ಅವನ ಎದುರಿಗೆ ಹೇಳುತ್ತಾಳೆ. ಕೊನೆಯಲ್ಲಿ ಕಲ್ಲು ಎದ್ದು ಅವಳ ಮೇಲೆ ಕೈಯೆತ್ತುತ್ತದೆ.

ನಮ್ಮ ಬಿಜಾಪುರದ ಕಡೆ ಬೀಸುವ ಕಲ್ಲಿಗೆ ಇಂಥ ಕಿವಿ ಇತ್ತು. ಅಲ್ಲಿನ ಸೂಫಿಗಳ ಪರಂಪರೆಯಲ್ಲಿ ಹುಟ್ಟಿದ ದಖನಿ ‘ಚಕ್ಕಿನಾಮಾ’ಗಳನ್ನು ಕುರಿತು ಇತಿಹಾಸಕಾರ ರಿಚರ್ಡ್ ಈಟನ್ ತಮ್ಮ 1978ರ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಹಿಟ್ಟು ಬೀಸುತ್ತ ಹೆಂಗಸರು ಹಾಡುತ್ತಿದ್ದ ಪದಗಳವು. ಕಲ್ಲಿನ ಹಿಡಿಗೂಟವೇ ಅಲಿಫ್ ಅಕ್ಷರವಾಗಿ, ಬೀಸುವ ಕೆಲಸವೇ ಧ್ಯಾನವಾಗಿ ಬರುತ್ತದೆ. ಅದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಮುಂತಾದ ಗೆಳೆಯರು ಕನ್ನಡದ ಬೀಸುವ ಪದಗಳನ್ನು ಆಯ್ದು ಬರೆದಿಟ್ಟರು. ‘ಗರತಿಯ ಹಾಡು’ ಬಂದದ್ದು 1931ರಲ್ಲಿ. ಒಂದೇ ನೆಲದ ಕಲ್ಲಿನ ಸುತ್ತ ದಖನಿಯ ಹೆಣ್ಣೂ ಕನ್ನಡದ ಹೆಣ್ಣೂ ಹಾಡಿದ್ದಾರೆ. ಚಕ್ಕಿನಾಮಾಗಳನ್ನು ಕಟ್ಟಿದವರು ಹೆಚ್ಚಾಗಿ ಗಂಡಸರು, ಉಪದೇಶಕ್ಕಾಗಿ ಕಟ್ಟಿದ್ದು ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಉಪದೇಶ ಮಾಡುವುದಕ್ಕೂ ಅವರು ಹೆಂಗಸಿನ ರಾಗ, ಹೆಂಗಸಿನ ಕಲ್ಲನ್ನೇ ಎರವಲು ಪಡೆಯಬೇಕಾಯಿತು. ಹಿಟ್ಟಿನ ಗಿರಣಿ ಬಂದ ಮೇಲೆ ತೋಳಿನ ನೋವು ಹೋಯಿತು. ಅದಕ್ಕೆ ಅಳುವವಳು ನಾನಲ್ಲ. ಮುಂಜಾವದ ಆ ಎರಡು ಗಂಟೆ ಮಾತ್ರ ಬೇರೆ ರೂಪದಲ್ಲಿ ಹಿಂದಿರುಗಲಿಲ್ಲ.

ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಕತೆ ಇತ್ತು, ಬೀಬಿಯ ಕಹಾನಿ. ಹರಕೆ ಹೊತ್ತು ನೆರೆಯ ಹೆಂಗಸರನ್ನು ಕರೆದು, ಸಿಹಿ ಇಟ್ಟು, ಒಬ್ಬಳು ಓದಿ ಉಳಿದವರು ಕೇಳುವ ಕತೆ. ಗಂಡಸರಿಗೆ ಅಲ್ಲಿ ಪ್ರವೇಶವಿಲ್ಲ. ಇದಕ್ಕೆ ಧಾರ್ಮಿಕ ಆಧಾರವಿಲ್ಲ ಎಂದು ಉಲೇಮಾಗಳು ಹೇಳಿದರು, ಸುಧಾರಕರೂ ಹೇಳಿದರು. ಆಧಾರದ ಪ್ರಶ್ನೆಯನ್ನು ನಾನು ಅವರಿಗೇ ಬಿಡುತ್ತೇನೆ. ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನಗೆ ಕಾಣುವುದು ಆ ಕತೆಯ ಒಂದು ತಿರುವು. ಮಗುವನ್ನು ಕಳೆದುಕೊಂಡ ತಾಯಿ ಹರಕೆಯ ಕತೆ ಕೇಳಲು ಮನೆಮನೆಗೆ ಹೋಗಿ ಕರೆಯುತ್ತಾಳೆ. ನಮಗೆ ಪುರುಸೊತ್ತಿಲ್ಲ ಎನ್ನುತ್ತಾರೆ ನೆರೆಯವರು. ಕೊನೆಗೆ ಮುಸುಕು ಹಾಕಿದ ಬೀಬಿಯೇ ಬಂದು ಕತೆ ಹೇಳುತ್ತಾಳೆ. ಹೆಣ್ಣಿನ ಕಷ್ಟವನ್ನು ಕೂತು ಕೇಳಲು ಪುರುಸೊತ್ತಿಲ್ಲದಿರುವುದೇ ಇಲ್ಲಿ ಪಾಪ. ಮೌಲಾನಾ ಅಶ್ರಫ್ ಅಲಿ ಥಾನವಿಯವರ ‘ಬಹಿಶ್ತೀ ಜೇವರ್’ ನಮ್ಮ ಮನೆಗಳಲ್ಲಿ ಮದುಮಗಳ ಕೈಗೆ ಕೊಡುವ ಪುಸ್ತಕ. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಬೇಕೆಂದು ಒತ್ತಿ ಹೇಳಿದ ಆ ಪುಸ್ತಕವೇ ಅವರು ಓದಬಾರದ ಕತೆ, ದಾಸ್ತಾನ್‌ಗಳ ಪಟ್ಟಿಯನ್ನೂ ಕೊಟ್ಟಿತು. ಅಕ್ಷರ ಸಿಕ್ಕಿದ್ದು ದೊಡ್ಡದು, ನಾನು ಬರೆಯುತ್ತಿರುವುದೂ ಅದರ ಫಲವೇ. ಆದರೆ ಹೆಂಗಸರು ಗಂಡಸರಿಲ್ಲದ ಕಡೆ ಕೂತು ಕತೆ ಕೇಳುವ ಮಧ್ಯಾಹ್ನವನ್ನು ತೆಗೆದುಹಾಕಿದವರು ಅದರ ಜಾಗಕ್ಕೆ ಇನ್ನೊಂದು ಮಧ್ಯಾಹ್ನವನ್ನು ಕೊಡಲಿಲ್ಲ.

ಸೃಜನಶೀಲತೆಯ ಮಾತಿಗೆ ಬಂದರೆ, ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಸ್ಟೆಸ್ ಅವರ ಇಡೀ ಪುಸ್ತಕಕ್ಕಿಂತ ಹೆಚ್ಚು ಹೇಳುವುದು ಕನ್ನಡದ ಒಂದೇ ಕತೆ. ಹೂವಿನ ಗಿಡವಾಗುವ ಹುಡುಗಿಯ ಕತೆ. ರಾಮಾನುಜನ್ ತೀರಿಕೊಂಡದ್ದು 1993ರಲ್ಲಿ. ಅವರ ಕನ್ನಡ ಕತೆಗಳ ಸಂಗ್ರಹ 1997ರಲ್ಲಿ ಇದೇ ಕತೆಯ ಹೆಸರಿನಲ್ಲಿ ಬಂತು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರ ಮಾಡಿದರು. ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಇದನ್ನು ಆಪೆರಾ ಮಾಡಿದರು. ಇಷ್ಟೆಲ್ಲ ಊರು ಸುತ್ತಿದ ಕತೆಯನ್ನು ಮೊದಲು ಹೇಳಿದ ಅಜ್ಜಿ ಯಾರೆಂಬುದು ಮಾತ್ರ ಯಾವ ಪೋಸ್ಟರಿನಲ್ಲೂ ಇಲ್ಲ.

ಕೂಲಿ ಮಾಡಿ ಸಾಕುವ ತಾಯಿಗೆ ನೆರವಾಗಲೆಂದು ಕಿರಿಮಗಳು ಒಂದು ಉಪಾಯ ಮಾಡುತ್ತಾಳೆ. ಅಕ್ಕನ ಕೈಯಲ್ಲಿ ಎರಡು ಕೊಡ ನೀರು ತರಿಸುತ್ತಾಳೆ. ಒಂದು ಕೊಡವನ್ನು ಉಗುರು ತಾಗದಂತೆ ಮೈಮೇಲೆ ಸುರಿದರೆ ಅವಳು ಹೂಗಿಡವಾಗುತ್ತಾಳೆ. ಚಿಗುರು, ಎಲೆ ಮುರಿಯದಂತೆ ಹೂ ಬಿಡಿಸಿಕೊಂಡು ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ಹೂ ಅರಮನೆಗೆ ಹೋಗಿ ಮಾರಾಟವಾಗುತ್ತದೆ. ರಾಜಕುಮಾರ ಕದ್ದು ನೋಡುತ್ತಾನೆ, ಮದುವೆಯಾಗುತ್ತಾನೆ, ಮಲಗುವ ಕೋಣೆಯಲ್ಲಿ ಗಿಡವಾಗು ಎಂದು ಬಲವಂತ ಮಾಡುತ್ತಾನೆ. ಮುಡಿಯಲಿಕ್ಕಲ್ಲ, ಮಾರಲಿಕ್ಕಲ್ಲ, ಹಾಸಿಗೆಯ ತುಂಬ ಹೂ. ನಾದಿನಿಗೂ ಸುದ್ದಿ ತಿಳಿಯುತ್ತದೆ. ಅವಳು ಗೆಳತಿಯರ ಜೊತೆ ತೋಟಕ್ಕೆ ಕರೆದುಕೊಂಡು ಹೋಗಿ, ಒಲ್ಲೆ ಎಂದರೂ ಬಿಡದೆ ನೀರು ಸುರಿಯುತ್ತಾಳೆ. ಸುರಿಯುವ ರೀತಿ ಗೊತ್ತಿಲ್ಲ. ಕೊಂಬೆ ಮುರಿದು, ಎಲೆ ಹರಿದು, ಮಳೆ ಬಂತೆಂದು ಅರ್ಧಕ್ಕೇ ಬಿಟ್ಟು ಓಡುತ್ತಾರೆ. ಉಳಿದದ್ದು ಕೈಯಿಲ್ಲದ ಕಾಲಿಲ್ಲದ ಒಂದು ಮೊಂಡುದೇಹ.

ಇಲ್ಲಿ ಹುಡುಗಿಯ ಶಕ್ತಿ ಎಲ್ಲೂ ಕಳೆದುಹೋಗಿಲ್ಲ, ಅದನ್ನು ಹುಡುಕಬೇಕಾಗಿಯೂ ಇಲ್ಲ. ಅವಳಿಗೆ ಅದು ಮೊದಲಿನಿಂದಲೂ ಗೊತ್ತು. ತೊಂದರೆ ಇರುವುದು ಕೊಡ ಹಿಡಿದವರ ಕೈಯಲ್ಲಿ. ಅಕ್ಕ ಸುರಿದಾಗ ಒಂದು ಫಲ, ನಾದಿನಿ ಸುರಿದಾಗ ಇನ್ನೊಂದು. ಹೂ ಬಿಡುವ ಹೊತ್ತಿನಲ್ಲಿ ಅವಳು ನೆಲಕ್ಕೆ ಬೇರು ಬಿಟ್ಟು ನಿಂತಿರುತ್ತಾಳೆ, ಓಡಲಾರಳು, ಕೂಗಲಾರಳು. ಅರಳುವ ಹೊತ್ತೇ ಗಾಯಗೊಳ್ಳುವ ಹೊತ್ತು ಎಂಬುದನ್ನು ರಾಮಾನುಜನ್ ಗುರುತಿಸಿದ್ದರು. ಬರೆಯುವ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮೊದಲ ಕತೆ ಅಚ್ಚಾದಾಗ ಸಂಬಂಧಿಕರೊಬ್ಬರು ಕೇಳಿದ್ದು, ‘ಇದು ಯಾರ ಮನೆಯ ವಿಷಯ?’ ಎಂದು. ಗಂಡಸು ಕತೆ ಬರೆದರೆ ಕಲ್ಪನೆ, ಹೆಂಗಸು ಬರೆದರೆ ಪುರಾವೆ!

ಕತೆಯ ಕೊನೆಯಲ್ಲಿ ವೈರಾಗಿಯಂತೆ ಅಲೆದ ಗಂಡ ಆ ಮೊಂಡುದೇಹವನ್ನು ಗುರುತಿಸುತ್ತಾನೆ. ನೀರು ಸುರಿಯುತ್ತಾನೆ, ಮುರಿದ ಕೊಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಕೂರಿಸುತ್ತಾನೆ, ಮತ್ತೆ ನೀರು ಸುರಿಯುತ್ತಾನೆ. ಮೊದಲು ಹಾಸಿಗೆಗೆ ಹೂ ಬೇಕು ಎಂದವನು ಈಗ ಕೊಂಬೆ ಕಟ್ಟುವ ಕೆಲಸ ಕಲಿತಿದ್ದಾನೆ. ಹೆಂಗಸರ ಕತೆಗಳಲ್ಲಿ ಮದುವೆ ಕೊನೆಯಲ್ಲ, ಕಷ್ಟ ಶುರುವಾಗುವುದೇ ಮದುವೆಯ ಮೇಲೆ ಎಂದು ರಾಮಾನುಜನ್ ಹೇಳಿದ್ದರು. ಇದನ್ನೂ ಸೇರಿಸಬಹುದು: ಗಂಡನೂ ಆ ಕತೆಗಳಲ್ಲಿ ಕೆಲಸ ಕಲಿಯಬೇಕಾಗುತ್ತದೆ.

ಎಸ್ಟೆಸ್ ಅವರ ಜೊತೆ ನನ್ನ ದೊಡ್ಡ ಜಗಳ ಬೇರೆಯದು. ಯೂಂಗ್ ಪಂಥದವರ ಪದ್ಧತಿಯಂತೆ ಅವರು ಕತೆಯ ಎಲ್ಲ ಪಾತ್ರಗಳನ್ನೂ ಒಬ್ಬಳೇ ಹೆಣ್ಣಿನ ಮನಸ್ಸಿನ ಭಾಗಗಳೆಂದು ಓದುತ್ತಾರೆ. ಮಲತಾಯಿ ನನ್ನೊಳಗಿದ್ದಾಳೆ, ಮಾಟಗಾತಿ ನನ್ನೊಳಗಿದ್ದಾಳೆ, ನೀಲಿಗಡ್ಡನೂ ನನ್ನೊಳಗೇ. ಓದುವಾಗ ರೋಮಾಂಚನವಾಗುತ್ತದೆ, ನಿಜ. ಆದರೆ ಈ ಪದ್ಧತಿಯಲ್ಲಿ ಆ ದೊಂಬರ ಹುಡುಗಿಯ ಗತಿ ಏನು? ಕಣ್ಣಿನ ಸೂಜಿ ಕಿತ್ತ ಕನೀಜಳ ಗತಿ ಏನು? ಅವಳೂ ರಾಜಕುಮಾರಿಯ ಮನಸ್ಸಿನ ಒಂದು ಕತ್ತಲೆಯ ಮೂಲೆ ಎಂದುಬಿಟ್ಟರೆ ಪ್ರಶ್ನೆ ಮುಗಿದುಹೋಗುತ್ತದೆ. ಕತೆಯಲ್ಲಿ ಅವಳನ್ನು ಹೊಡೆದು ಓಡಿಸುವುದು ಆಗ ಆತ್ಮಶುದ್ಧಿಯಾಗುತ್ತದೆ! ನೇಪಲ್ಸಿನ ಬಸೀಲೆ ಹದಿನೇಳನೇ ಶತಮಾನದಲ್ಲಿ ಬರೆದ ಕತೆಗಳ ಹೊತ್ತಗೆಯ ಚೌಕಟ್ಟು ಇದೇ ಕತೆ. ಅಲ್ಲಿ ಜೋಜಾ ಎಂಬವಳು ಕೊಡದ ತುಂಬ ಕಣ್ಣೀರು ಸುರಿಸಿ ಇನ್ನೇನು ತುಂಬಬೇಕು ಎನ್ನುವಾಗ ನಿದ್ದೆಹೋಗುತ್ತಾಳೆ. ಕರಿಯ ದಾಸಿ ಉಳಿದದ್ದನ್ನು ತುಂಬಿಸಿ ರಾಜಕುಮಾರನನ್ನು ಎಬ್ಬಿಸುತ್ತಾಳೆ. ಅಲ್ಲಿಯೂ ಒಂದು ಗೊಂಬೆ, ಅಲ್ಲಿಯೂ ಕೊನೆಗೆ ಜೋಜಾ ತನ್ನ ಕತೆ ಹೇಳಿಯೇ ಗೆಲ್ಲುತ್ತಾಳೆ. ಬಸುರಿಯಾದ ದಾಸಿಯನ್ನು ಜೀವಂತ ಹೂಳುತ್ತಾರೆ. ಇಂಥ ಕತೆಯನ್ನು ಕೇಳಿ ನನ್ನೊಳಗಿನ ಹೆಣ್ಣು ಎಚ್ಚೆತ್ತಳು ಎಂದು ಹೇಳುವಾಗ ನಾವು ಯಾವ ಹೆಣ್ಣಿನ ಪರವಾಗಿ ಮಾತಾಡುತ್ತಿದ್ದೇವೆ?

ಅಜ್ಜಿಯರು ಹೇಳಿದ್ದೆಲ್ಲ ಪವಿತ್ರ ಎಂಬ ನಿಲುವು ನನ್ನದಲ್ಲ. ಕರಿಯಳು, ದೊಂಬರವಳು, ಕನೀಜ್ ಮೋಸಗಾತಿಯೇ ಎಂದು ತೀರ್ಮಾನ ಕೊಟ್ಟವರು ಅಜ್ಜಿಯರೂ ಹೌದು. ಒಳದನಿ ಎಂದು ನಾವು ಕರೆಯುವುದರಲ್ಲಿ ಜಾತಿಯ ದನಿ, ಬಣ್ಣದ ದನಿ, ಮನೆತನದ ದನಿಗಳೂ ಸೇರಿಕೊಂಡಿರುತ್ತವೆ. ಕಾಳಿನಿಂದ ಕಸ ಬೇರೆ ಮಾಡುವ ವಸಿಲೀಸಾಳ ಕೆಲಸ ಇಲ್ಲಿಯೂ ಮಾಡಬೇಕಾದದ್ದೇ.

ಕನ್ನಡದಲ್ಲಿ ಇನ್ನೂ ಒಂದು ಕತೆಯಿದೆ. ಕಾರ್ನಾಡರ ‘ನಾಗಮಂಡಲ’ (1988) ನೋಡಿದವರಿಗೆ ಅದರ ನೆರಳಿನ ಪರಿಚಯವಿರುತ್ತದೆ. ಒಬ್ಬ ಗೃಹಿಣಿಗೆ ಒಂದು ಕತೆ, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಗೆ ಬಂದು, ಒಂದು ಗಂಡಸಿನ ಅಂಗಿಯಾಗಿ, ಒಂದು ಜೊತೆ ಮೆಟ್ಟಾಗಿ ಕೂತವು. ಗಂಡ ಅನುಮಾನಪಟ್ಟು ಜಗಳವಾಡಿ ಗುಡಿಗೆ ಹೋಗಿ ಮಲಗಿದ. ರಾತ್ರಿ ಅಲ್ಲಿ ಸೇರಿದ ಊರಿನ ದೀಪಗಳು ಆಡಿಕೊಂಡ ಮಾತಿನಿಂದ ಅವನಿಗೆ ನಿಜ ತಿಳಿಯಿತು. ಬೆಳಿಗ್ಗೆ ಬಂದು ನಿನ್ನ ಕತೆ, ಹಾಡು ಯಾವುದು ಎಂದು ಕೇಳಿದ. ಯಾವ ಕತೆ, ಯಾವ ಹಾಡು ಎಂದಳು ಅವಳು. ಮರೆತೇಹೋಗಿತ್ತು.

ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನನಗೆ ನೆನಪಾದದ್ದು ಈ ಕತೆ. ‘ಎದೆಯ ಹಣತೆ’ಯ ಮೆಹರುನ್ ಗಂಡನ ಮನೆ ಬಿಟ್ಟು ತವರಿಗೆ ಬರುತ್ತಾಳೆ. ಅಣ್ಣಂದಿರು ಕೇಳಿಸಿಕೊಳ್ಳದೆ ವಾಪಸು ತಂದು ಬಿಡುತ್ತಾರೆ. ಸೀಮೆಎಣ್ಣೆ ಸುರಿದುಕೊಂಡವಳನ್ನು ಹಿಡಿದು ನಿಲ್ಲಿಸುವುದು ಮಗಳು ಸಲ್ಮಾ. ಬಾನು ಅವರು ಇಲ್ಲಿ ಯಾವ ಜನಪದ ಕತೆಯನ್ನೂ ಬಳಸಿಲ್ಲ, ಗೊಂಬೆಯಿಲ್ಲ, ಕಲ್ಲಿಲ್ಲ. ಆದರೆ ಕೇಳುವವರಿಲ್ಲದ ಮನೆಯೊಂದರಲ್ಲಿ ಒಬ್ಬಳು ಹುಡುಗಿ ತಾಯಿಯನ್ನು ಕೇಳಿಸಿಕೊಂಡಳು. ಇದಕ್ಕೂ ಬಹಳ ಮೊದಲೇ ಕಾಸರಗೋಡಿನ ಕಡೆಯ ಮುಸ್ಲಿಂ ಮನೆಗಳ ಹೆಣ್ಣುಮಕ್ಕಳ ಮಾತನ್ನು ‘ಚಂದ್ರಗಿರಿಯ ತೀರದಲ್ಲಿ’ಯಂಥ ಕೃತಿಗಳಲ್ಲಿ ಕೇಳಿಸಿದ ಸಾರಾ ಅಬೂಬಕ್ಕರ್ 2023ರ ಜನವರಿಯಲ್ಲಿ ತೀರಿಕೊಂಡರು. ಇವರಿಬ್ಬರೂ ಮೂಳೆ ಆಯಲು ಮರುಭೂಮಿಗೆ ಹೋದವರಲ್ಲ. ಬೀದಿಯ ಆಚೆ ಮನೆಯಲ್ಲಿ ಏನಾಗುತ್ತಿದೆ ಎಂದು ನೋಡಿದವರು.

ಹಳೆಯ ಕತೆಗಳಿಗೆ ಮರಳುವುದಾದರೆ ನಾನು ಆ ಅರಮನೆಗೆ ಮರಳಬೇಕೆಂದಿದ್ದೇನೆ. ಕನ್ನಡದ ಕತೆಯಲ್ಲಿ ರಾಜಕುಮಾರಿ ಆ ದೊಂಬರ ಹುಡುಗಿಯನ್ನು ಒಳಗೆ ಕರೆಸಿಕೊಂಡದ್ದು ಯಾಕೆ? ಒಬ್ಬಳೇ ಇದ್ದೂ ಇದ್ದೂ ಬೇಸತ್ತು, ಜೊತೆಗೆ ಮಾತಾಡಲು ಒಬ್ಬರು ಬೇಕೆಂದು. ಇರಾನಿನ ಕತೆಯಲ್ಲೂ ಅಷ್ಟೇ, ದಾರಿಯಲ್ಲಿ ಹೋಗುವ ತಂಡದಿಂದ ದಾಸಿಯನ್ನು ಕೊಂಡುಕೊಳ್ಳುವುದು ಒಂಟಿತನ ಕಳೆಯಲು. ಆ ಹುಡುಗಿ ತನ್ನವರನ್ನು ಬಿಟ್ಟು ಹೆಣವಿರುವ ಮನೆಗೆ ಬಂದಳು. ಹಗಲು ರಾತ್ರಿ ಇಬ್ಬರೇ ಇದ್ದರು. ರಾಜಕುಮಾರಿ ಮುಂದೆ ಗೊಂಬೆಗೆ ಹೇಳಿದ ಕತೆಯನ್ನು ಆಗ ಅವಳಿಗೆ ಹೇಳಿದ್ದಳೇ? ಆ ಹುಡುಗಿಯ ಕತೆಯನ್ನು ಕೇಳಿದ್ದಳೇ? ನನಗೆ ಸಿಕ್ಕ ಯಾವ ಪಾಠದಲ್ಲೂ ಅವಳಿಗೆ ತಾಯಿ ಇಲ್ಲ, ಊರಿಲ್ಲ, ಗೊಂಬೆಯೂ ಇಲ್ಲ.